ಪರೀಕ್ಷೆಯಲ್ಲಷ್ಟೇ ಉಳಿದ ಹುಳು

ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗನಿಗೆ ಹುಳುಗಳ ಉಸಾಬರಿ ಯಾಕೆ ಎಂದು ನೀವು ಕೇಳಿದರೆ ತಪ್ಪೇನಿಲ್ಲ. ನನ್ನ ಹಾಸ್ಟೆಲ್ ಗೆಳೆಯರೂ ಅದನ್ನೇ ಕೇಳುತ್ತಾರೆ. ನಮ್ಮದೇನಿದ್ದರೂ ಸಿಮೆಂಟು, ಮರಳು, ಬೀಮು, ಕಾಲಮ್ಮು. ಆದರೆ ನನ್ನ ಮೊಬೈಲ್ ಗ್ಯಾಲರಿ ತೆರೆದರೆ ಕಾಣುವುದು ಜಂತುಹುಳು, ಕೊಕ್ಕೆಹುಳು, ಲಾಡಿಹುಳುಗಳ ಚಿತ್ರಗಳು. ಊಟದ ಹೊತ್ತಿನಲ್ಲಿ ಅವನ್ನು ತೋರಿಸಿ ಪಕ್ಕದವನ ಚಪಾತಿ ಉಳಿಸಿಕೊಂಡ ದಿನಗಳೂ ಇವೆ.

ಇದಕ್ಕೆಲ್ಲ ಕಾರಣ ನಮ್ಮ ದೊಡ್ಡಪ್ಪನ ಮಗಳು. ಬೇವೂರಿನ ನಮ್ಮ ಮನೆತನದಿಂದ ಎಂಬಿಬಿಎಸ್‌ಗೆ ಹೋದವರಲ್ಲಿ ಅವಳೇ ಮೊದಲಿಗಳು. ಅವಳ ಹೆಸರಾಗಲಿ ಕಾಲೇಜಿನ ಹೆಸರಾಗಲಿ ಪೇಪರಿನಲ್ಲಿ ಬರಕೂಡದು ಎಂದು ಕಟ್ಟುನಿಟ್ಟಾಗಿ ಹೇಳಿದ್ದಾಳೆ. ಆದ್ದರಿಂದ ಇಲ್ಲಿ ಅವಳು ಬರೀ ಅಕ್ಕ. ಅವಳು ಎರಡನೇ ವರ್ಷದಲ್ಲಿದ್ದಾಗ ರಜೆಗೆ ಬಂದಾಗಲೆಲ್ಲ ಒಂದು ದಪ್ಪ ರೆಕಾರ್ಡ್ ಪುಸ್ತಕ ತರುತ್ತಿದ್ದಳು. ನನಗೆ ಎಂಜಿನಿಯರಿಂಗ್ ಡ್ರಾಯಿಂಗ್ ಬರುತ್ತದೆ ಎನ್ನುವ ಒಂದೇ ಕಾರಣಕ್ಕೆ ಅದರ ಚಿತ್ರಗಳನ್ನು ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ದುಂಡುಹುಳುವಿನ ಮೊಟ್ಟೆ, ಅದರ ಸುತ್ತ ಗುಬುಟು ಗುಬುಟಾದ ಕವಚ. ಕೊಕ್ಕೆಹುಳುವಿನ ಮೊಟ್ಟೆ, ಒಳಗೆ ನಾಲ್ಕು ಕೋಶ, ಸುತ್ತ ತಿಳಿಯಾದ ಜಾಗ. ಹೀಗೆ ಬಣ್ಣದ ಪೆನ್ಸಿಲ್ ಹಿಡಿದು ಕೂತವನಿಗೆ ಒಂದು ವೈದ್ಯಕೀಯ ವಿಷಯದ ಅರ್ಧ ಪಾಠ ಪುಕ್ಕಟೆಯಾಗಿ ಆಯಿತು.

ಪರಾವಲಂಬಿ ಜೀವಿಗಳ ಈ ಶಾಸ್ತ್ರಕ್ಕೆ ಪ್ಯಾರಾಸಿಟಾಲಜಿ ಎನ್ನುತ್ತಾರೆ. ಎಂಬಿಬಿಎಸ್‌ನಲ್ಲಿ ಇದು ಬೇರೆಯೇ ವಿಷಯವಲ್ಲ. ಎರಡನೇ ವರ್ಷದ ಮೈಕ್ರೊಬಯಾಲಜಿಯ ಹೊಟ್ಟೆಯೊಳಗೆ ಬ್ಯಾಕ್ಟೀರಿಯಾ, ವೈರಸ್, ಶಿಲೀಂಧ್ರಗಳ ಜತೆಗೆ ಇದೂ ಒಂದು ಮೂಲೆಯಲ್ಲಿ ಕೂತಿರುತ್ತದೆ. ಅದೂ ಒಂಥರಾ ಪರಾವಲಂಬಿಯೇ ಅನ್ನಿ. 2019ರಲ್ಲಿ ದೇಶದ ವೈದ್ಯಕೀಯ ಪಠ್ಯಕ್ರಮ ಬದಲಾದ ಮೇಲೆ ಹುಳುಗಳನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿ ಪಾಠ ಮಾಡುವ ಪದ್ಧತಿಯೂ ಹಿಂದೆ ಸರಿದಿದೆ. ಹೊಟ್ಟೆಯ ಕಾಯಿಲೆಗಳ ಪಾಠದಲ್ಲಿ ಹೊಟ್ಟೆಯ ಹುಳು ಬರುತ್ತದೆ, ರಕ್ತದ ಪಾಠದಲ್ಲಿ ಮಲೇರಿಯಾ ಬರುತ್ತದೆ. ಇದರಿಂದ ಲಾಭವೂ ಇದೆ. ರೋಗಿ ಬಂದು ‘ನನಗೆ ಇಂಥ ಹುಳ ಆಗೇತಿ’ ಎಂದು ಹೇಳುವುದಿಲ್ಲವಲ್ಲ, ‘ಹೊಟ್ಟಿ ನೋಯ್ತೈತಿ’ ಎಂದೇ ಹೇಳುವುದು.

ಪ್ರಾಯೋಗಿಕ ತರಗತಿಯದ್ದು ಬೇರೆಯೇ ಕಥೆ. ಗಾಜಿನ ಪಟ್ಟಿಯ ಮೇಲೆ ಒಂದು ಕಡೆ ಉಪ್ಪುನೀರಿನ ಹನಿ, ಇನ್ನೊಂದು ಕಡೆ ಅಯೋಡಿನ್ ಹನಿ ಇಟ್ಟು, ಕಡ್ಡಿಯ ತುದಿಯಷ್ಟು ಮಲವನ್ನು ಕದಡಿ, ಮೇಲೆ ತೆಳು ಗಾಜು ಮುಚ್ಚಿ ಸೂಕ್ಷ್ಮದರ್ಶಕದಲ್ಲಿ ಹುಡುಕಬೇಕು. ಮೊದಲ ದಿನ ಅರ್ಧ ಕ್ಲಾಸು ಮೂಗು ಮುಚ್ಚಿಕೊಂಡು ನಿಂತಿತ್ತಂತೆ. ‘ನಾನು ಸೆಗಣಿ ಸಾರಿಸಿದ ಮನೆಯಿಂದ ಬಂದಾಕಿ, ನನಗೇನೂ ಅನಿಸಲಿಲ್ಲ’ ಎಂದು ಅಕ್ಕ ಜಂಬ ಕೊಚ್ಚಿದಳು. ಗಾಳಿಗುಳ್ಳೆಯನ್ನು ನೋಡಿ ‘ಮೊಟ್ಟೆ ಸಿಕ್ತು ಮೇಡಂ’ ಎಂದು ಕೂಗುವುದು ಪ್ರತಿ ಬ್ಯಾಚಿನಲ್ಲೂ ನಡೆಯುವ ಸಂಪ್ರದಾಯ. ಗುಳ್ಳೆ ಯಾವುದು, ಊಟದ ಸಸ್ಯದ ನಾರು ಯಾವುದು, ಮೊಟ್ಟೆ ಯಾವುದು ಎಂದು ಕಣ್ಣಿಗೆ ಅಭ್ಯಾಸವಾಗುವುದೇ ಅಸಲಿ ಪಾಠ. ಅದನ್ನು ಯಾವ ಪಿಪಿಟಿಯೂ ಕಲಿಸಲಾರದು.

ಆದರೆ ಈಗ ಅಧ್ಯಾಪಕರಿಗೆ ಒಂದು ವಿಚಿತ್ರ ಕಷ್ಟ ಎದುರಾಗಿದೆ. ತೋರಿಸಲು ಹುಳುಗಳೇ ಸಿಗುತ್ತಿಲ್ಲ! 2015ರಿಂದ ಫೆಬ್ರುವರಿ 10 ಮತ್ತು ಆಗಸ್ಟ್ 10ರ ಆಸುಪಾಸಿನಲ್ಲಿ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. 1ರಿಂದ 19 ವರ್ಷದವರಿಗೆಲ್ಲ ಅಂಗನವಾಡಿ, ಶಾಲೆ, ಕಾಲೇಜುಗಳಲ್ಲಿ ಅಲ್ಬೆಂಡಜೋಲ್ ಮಾತ್ರೆ. ಎರಡು ವರ್ಷದೊಳಗಿನ ಮಕ್ಕಳಿಗೆ 200 ಮಿಲಿಗ್ರಾಂ, ಉಳಿದವರಿಗೆ 400. ಸಿಹಿಯಾಗಿರುವ ಆ ಮಾತ್ರೆಯನ್ನು ಬೇವೂರಿನ ಶಾಲೆಯಲ್ಲಿ ಚೀಪಿ ಚೀಪಿ ತಿಂದ ಪೀಳಿಗೆ ನಮ್ಮದು. ಮಾಸ್ತರರು ಎದುರಿಗೇ ನಿಂತು ಅಗಿಸಿ ನುಂಗಿಸುತ್ತಿದ್ದರು. ಅದರ ಪರಿಣಾಮವೋ, ಶೌಚಾಲಯ, ಚಪ್ಪಲಿಗಳ ಪರಿಣಾಮವೋ, ಅಕ್ಕನ ಕಾಲೇಜಿನ ಲ್ಯಾಬಿಗೆ ಬರುವ ಮಾದರಿಗಳಲ್ಲಿ ಮೊಟ್ಟೆ ಕಂಡರೆ ಹಬ್ಬವಂತೆ. ಒಂದು ಸಿಕ್ಕರೆ ಅದನ್ನು ಫಾರ್ಮಲಿನ್‌ನಲ್ಲಿ ಜೋಪಾನ ಮಾಡಿ ನಾಲ್ಕು ಬ್ಯಾಚಿಗೆ ತೋರಿಸುತ್ತಾರೆ.

ಹುಳುಗಳ ಆಟ ಮುಗಿಯಿತು ಎಂದಲ್ಲ. ಒಂದು ಹೆಣ್ಣು ದುಂಡುಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ರಕ್ತದ ಜತೆ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ಗಂಟಲಿಗೆ ಹತ್ತಿ, ನುಂಗಿಸಿಕೊಂಡು ಕರುಳಿಗೆ ಇಳಿಯುತ್ತದೆ. ಇಷ್ಟು ಸುತ್ತು ಬಳಸಿ ಬರುವ ಬದಲು ನೇರವಾಗಿ ಬಾಯಿಂದಲೇ ಹೋಗಬಾರದೇ ಎಂದು ನನ್ನ ಎಂಜಿನಿಯರಿಂಗ್ ಬುದ್ಧಿ ಕೇಳುತ್ತದೆ. ಹಂದಿಯ ಲಾಡಿಹುಳುವಿನ ಮೊಟ್ಟೆ ತೊಳೆಯದ ಸೊಪ್ಪಿನ ಜತೆ ಹೊಟ್ಟೆ ಸೇರಿದರೆ ಅದರ ಮರಿ ಮೆದುಳಿನಲ್ಲಿ ಗೂಡು ಕಟ್ಟಿ ಫಿಟ್ಸ್ ತರಿಸಬಹುದು. ಜೀವಮಾನದಲ್ಲಿ ಮಾಂಸ ಮುಟ್ಟದವರಿಗೂ ಇದು ಬರುತ್ತದೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸಿ, ದೇವರ ಗುಡಿಗೆ ಕರೆದೊಯ್ಯುವುದನ್ನು ನೋಡಿ ಬೆಳೆದವನು ನಾನು. ಆ ಒಂದು ಚಿತ್ರ ಬರೆಯುವಾಗ ಪೆನ್ಸಿಲ್ ಸ್ವಲ್ಪ ಹೊತ್ತು ನಿಂತಿತ್ತು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ರೆಕಾರ್ಡ್ ಪುಸ್ತಕದಲ್ಲಿ ಒಂದು ಹುಳುವಿನ ಪುಟ ಉಳಿದವುಗಳಿಗಿಂತ ಬೇರೆಯಾಗಿತ್ತು. ಹೆಸರು ಡ್ರಾಕನ್‌ಕ್ಯುಲಸ್ ಮೆಡಿನೆನ್ಸಿಸ್. ಇಂಗ್ಲಿಷಿನವರಿಗೆ ಗಿನಿ ವರ್ಮ್. ಕೊನೆಯ ಸಾಲಿನಲ್ಲಿ ಅಕ್ಕ ಬರೆದುಕೊಂಡಿದ್ದಳು: ‘ಭಾರತದಲ್ಲಿ ಕೊನೆಯ ಪ್ರಕರಣ 1996. 2000ದಲ್ಲಿ ಮುಕ್ತ. ಪರೀಕ್ಷೆಗೆ ಮುಖ್ಯ.’ ಇಲ್ಲದ ಕಾಯಿಲೆ ಪರೀಕ್ಷೆಗೆ ಮುಖ್ಯ ಹೇಗೆ ಎಂದು ಕೇಳಿದೆ. ‘ಬಾಟಲಿಯೊಳಗ ಇಟ್ಟಿರ್ತಾರ, ಗುರುತು ಹಿಡಿದ್ರ ಮಾರ್ಕ್ಸು’ ಎಂದಳು. ಅಲ್ಲಿಗೆ ಮಾತು ಮುಗಿಯಿತು. ಹುಳು ಬಾಟಲಿಯಲ್ಲಿದೆ, ರೋಗಿ ಯಾರೂ ಇಲ್ಲ, ನಾಲ್ಕು ಅಂಕ ಇದೆ.

ಹೋದ ಬೇಸಿಗೆಯಲ್ಲಿ ನಮ್ಮ ಅಜ್ಜ ಹೊಲದ ಒಡ್ಡಿನ ಮೇಲೆ ಜಾರಿ ಬಿದ್ದ. ವಯಸ್ಸು 70 ದಾಟಿದೆ, ಆದರೂ ಮುಂಜಾನೆ ಎದ್ದು ಹೊಲಕ್ಕೆ ಹೋಗದಿದ್ದರೆ ಅವನಿಗೆ ರೊಟ್ಟಿ ಸೇರುವುದಿಲ್ಲ. ಮೊಣಕಾಲು ಬಾತುಕೊಂಡಿತು. ಅಪ್ಪ ಪಟ್ಟಣದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಕ್ಸ್‌ರೇ ತೆಗೆದರು. ಮೂಳೆ ಮುರಿದಿರಲಿಲ್ಲ. ಆದರೆ ಮೀನಖಂಡದಲ್ಲಿ ಬಿಳಿ ದಾರದ ಹಾಗೆ ಏನೋ ಸುತ್ತಿ ಸುತ್ತಿ ಕೂತಿತ್ತು. ಅಲ್ಲಿದ್ದ ಎಳೆಯ ಡಾಕ್ಟರು ಅದನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿ, ರಕ್ತನಾಳದಲ್ಲಿ ಸುಣ್ಣ ಕಟ್ಟಿದೆ, ಕಾಲಿಗೆ ರಕ್ತ ಸರಿಯಾಗಿ ಹೋಗದಿದ್ದರೆ ಮುಂದೆ ತೊಂದರೆ, ದೊಡ್ಡ ಊರಿಗೆ ಹೋಗಿ ಸ್ಕ್ಯಾನ್ ಮಾಡಿಸಿ ಎಂದರು. ಅವರು ಹೇಳಿದ್ದು ಅಷ್ಟೇ. ಆದರೆ ‘ಕಾಲಿಗೆ ರಕ್ತ ಹೋಗದಿದ್ದರೆ’ ಎನ್ನುವ ಮಾತು ಬಸ್ಸಿನಲ್ಲಿ ಬೇವೂರಿಗೆ ಬರುವಷ್ಟರಲ್ಲಿ ‘ಕಾಲು ತೆಗೀಬೇಕಂತ’ ಎಂದಾಗಿತ್ತು. ಓಣಿಯವರು ಬಂದು ಮಾತಾಡಿಸಿಕೊಂಡು ಹೋದರು. ಅಪ್ಪ ಕಡಲೆ ಮಾರಿದ ದುಡ್ಡು ಎಣಿಸಿ ಇಟ್ಟರು. ಅಜ್ಜ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ‘ಎರಡೂ ಕಾಲಿಟ್ಕೊಂಡ ಹೋಗ್ತೀನಿ, ಕಡಿಯಾಕ ಬಿಡಂಗಿಲ್ಲ’ ಎಂದು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ.

ಅಕ್ಕ ಎಕ್ಸ್‌ರೇ ಫೋಟೊ ತರಿಸಿಕೊಂಡು ತನಗೆ ಪಾಠ ಮಾಡುವ ಮೇಡಂಗೆ ತೋರಿಸಿದಳು. ಅವರು ಮರುಮಾತಿಗೆ ಒಂದೇ ಪ್ರಶ್ನೆ ಕೇಳಿದರಂತೆ: ‘ನಿಮ್ಮ ಅಜ್ಜನಿಗೆ ಹರೆಯದಲ್ಲಿ ನಾರು ಆಗಿತ್ತಾ, ಕೇಳು.’

ಫೋನಿನ ಸ್ಪೀಕರ್ ಹಾಕಿ ಅಕ್ಕ ಕೇಳಿದಳು. ಗೋಡೆಗೆ ಮುಖ ಮಾಡಿದ್ದ ಅಜ್ಜ ಇತ್ತ ತಿರುಗಿದ. ‘ನಾರುಹುಣ್ಣು? ಆಗಿತ್ತಲ್ಲವ್ವ! ಮೂರು ಸಲ ಆಗಿತ್ತು. ಎರಡು ಸಲ ಹೊರಗ ಬಂತು, ಒಂದು ಸಲ ಹರಕೊಂಡು ಒಳಗ ಹೋತು.’

ಆ ಹರಿದು ಒಳಗೆ ಹೋದದ್ದೋ ಅಥವಾ ಹೊರಗೆ ಬರಲಾಗದೆ ಒಳಗೇ ಸತ್ತ ಇನ್ನೊಂದೋ, ಅಂತೂ ಸತ್ತ ಹುಳುವಿನ ಸುತ್ತ ದೇಹ ಸುಣ್ಣ ಕಟ್ಟಿ ಸಮಾಧಿ ಮಾಡಿತ್ತು. 50 ವರ್ಷ ಆ ಸಮಾಧಿಯನ್ನು ಕಾಲಲ್ಲಿಟ್ಟುಕೊಂಡು ಅಜ್ಜ ಕುಂಟೆ ಹೊಡೆದಿದ್ದಾನೆ. ಅದರಿಂದ ಇನ್ನು ಕಾಟವೇನಿಲ್ಲ, ಆದರೂ ಪಾದದ ನಾಡಿ ಒಮ್ಮೆ ಯಾರಿಂದಾದರೂ ನೋಡಿಸಿ ಎಂದರು ಮೇಡಂ. ನೋಡಿಸಿದೆವು, ನಾಡಿ ಚೆನ್ನಾಗಿ ಬಡಿಯುತ್ತಿತ್ತು. ಕಡಲೆಯ ದುಡ್ಡು ಉಳಿಯಿತು. ಅಜ್ಜ ಆ ರಾತ್ರಿ ಎರಡು ರೊಟ್ಟಿ ಹೆಚ್ಚು ಉಂಡ.

ಎಳೆಯ ಡಾಕ್ಟರನ್ನು ನಾನು ದೂರುವುದಿಲ್ಲ. ಎಕ್ಸ್‌ರೇಯಲ್ಲಿ ಸುಣ್ಣ ಕಟ್ಟಿದ ರಕ್ತನಾಳವೂ ಬಿಳಿಯಾಗಿಯೇ ಕಾಣುತ್ತದೆ. ಅವರು ಕಾಯಿಲೆಯನ್ನು ಓದಿರಲಿಲ್ಲ ಎಂದಲ್ಲ, ನಾಲ್ಕು ಅಂಕದ ಬಾಟಲಿಯಾಗಿ ಓದಿರಬೇಕು. ಬಾಟಲಿಯಲ್ಲಿದ್ದದ್ದು ಎದುರು ಕೂತ ಮುದುಕನ ಕಾಲಲ್ಲೂ ಇರಬಹುದು ಎಂದು ಹೊಳೆಯಬೇಕಾದರೆ ಪಾಠ ಬೇರೆ ಥರ ಆಗಿರಬೇಕಾಗುತ್ತದೆ.

ಆಮೇಲೆ ನಾನು ಅಜ್ಜನ ಬೆನ್ನು ಹತ್ತಿದೆ. ಅವನು ಹೇಳಿದ್ದನ್ನು ಅಕ್ಕನ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ಕಥೆಯನ್ನು ಬೇರೆ ಬೇರೆ ಕಡೆಯಿಂದ ಹೇಳುತ್ತಿದ್ದವು. ಪುಸ್ತಕ ಹೇಳುತ್ತದೆ: ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಒಂದೆರಡು ಮಿಲಿಮೀಟರಿನ ನೀರುಚಿಗಟ ಇರುತ್ತದೆ. ಅದರ ಹೊಟ್ಟೆಯಲ್ಲಿ ಹುಳುವಿನ ಮರಿ. ನೀರು ಕುಡಿದಾಗ ಜಠರದ ಆಮ್ಲಕ್ಕೆ ಚಿಗಟ ಸಾಯುತ್ತದೆ, ಮರಿ ಕರುಳನ್ನು ಕೊರೆದು ಹೊರಬೀಳುತ್ತದೆ. ಗಂಡು ಚಿಕ್ಕದು, ಕೂಡಿದ ಮೇಲೆ ಸಾಯುತ್ತದೆ. ಹೆಣ್ಣು ಸುಮಾರು ಒಂದು ವರ್ಷ ಚರ್ಮದಡಿ ಬೆಳೆಯುತ್ತ ಒಂದು ಮೀಟರಿನವರೆಗೂ ಉದ್ದವಾಗುತ್ತದೆ, ದಪ್ಪ ಮಾತ್ರ ಶಾವಿಗೆ ಎಳೆಯಷ್ಟು. ಅಲ್ಲಿಯವರೆಗೆ ಮನುಷ್ಯನಿಗೆ ಏನೂ ಗೊತ್ತಾಗುವುದಿಲ್ಲ. ನಂತರ ಹೆಚ್ಚಾಗಿ ಕಾಲಿನಲ್ಲಿ ಒಂದು ಬೊಬ್ಬೆ ಏಳುತ್ತದೆ, ಬೆಂಕಿ ಇಟ್ಟ ಹಾಗೆ ಉರಿಯುತ್ತದೆ. ಉರಿ ತಾಳದೆ ಕಾಲನ್ನು ನೀರಿಗಿಟ್ಟ ಕೂಡಲೇ ಬೊಬ್ಬೆ ಒಡೆದು ಲಕ್ಷಗಟ್ಟಲೆ ಮರಿಗಳು ನೀರಿಗೆ ಬೀಳುತ್ತವೆ. ಅವನ್ನು ಚಿಗಟ ತಿನ್ನುತ್ತದೆ. ಸುಮಾರು ಎರಡು ವಾರ ಕಳೆದ ಮೇಲೆ ಆ ನೀರು ಕುಡಿದವರ ಮೈಯಲ್ಲಿ ಮತ್ತೊಂದು ಸುತ್ತು.

ಅಜ್ಜ ಹೇಳುತ್ತಾನೆ: ‘ಬಾವಿ ಅಂದ್ರ ಈಗಿನಂಗ ಹಗ್ಗದ ಬಾವಿ ಅಲ್ಲಪಾ. ಪಾವಟಿಗಿ ಇಳದು ಹೋಗಬೇಕು. ಕೊಡ ತುಂಬಬೇಕಂದ್ರ ಮೊಣಕಾಲ ತನಕ ನೀರಾಗ ನಿಂದರ್ಬೇಕು. ಉರಿಯೋ ಕಾಲಿಗೆ ಆ ತಂಪು ಏನ್ ಹಿತ ಅಂತೀ! ಅಲ್ಲೇ ಕುಂತು ಬಿಡ್ತಿದ್ವಿ.’ ಹುಳು ಹೊರಗೆ ಇಣುಕಿದ ಮೇಲೆ ಅದರ ತುದಿಯನ್ನು ಕಡ್ಡಿಗೆ ಸುತ್ತಿ ನೂಲಿನಿಂದ ಕಟ್ಟುತ್ತಿದ್ದರಂತೆ. ದಿನಕ್ಕೆ ಒಂದೆರಡು ಬೆರಳಿನಷ್ಟು ಮಾತ್ರ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ, ಹರಿದರೆ ಕಾಲು ಕುಂಬಳಕಾಯಿಯಂತೆ ಬಾತು ಕೀವು ತುಂಬುತ್ತದೆ. ಕಡ್ಡಿ ಬೇವಿನದೇ ಆಗಬೇಕಿತ್ತಂತೆ. ನಮ್ಮೂರಿನ ಹೆಸರಿಗೆ ತಕ್ಕ ವೈದ್ಯ. ತಮಾಷೆಯೆಂದರೆ ಇಂದಿಗೂ ಈ ಹುಳುವಿಗೆ ಔಷಧಿಯಿಲ್ಲ, ಲಸಿಕೆಯಿಲ್ಲ. ಅಕ್ಕನ ಪುಸ್ತಕದಲ್ಲಿ ಬರೆದಿರುವ ಚಿಕಿತ್ಸೆಯೂ ಕಡ್ಡಿಗೆ ಸುತ್ತುವುದೇ. ಬೇವಿನದೇ ಆಗಬೇಕೆಂದು ಮಾತ್ರ ಬರೆದಿಲ್ಲ.

‘ಸಾಯಂಗಿಲ್ಲ, ಆದ್ರ ಬಿತ್ತಾಕ ಬಿಡಂಗಿಲ್ಲ’ ಎಂದ ಅಜ್ಜ. ಮುಂಗಾರಿಗೆ ಎಲ್ಲರೂ ಕೂರಿಗೆ ಕಟ್ಟುವಾಗ ಅವನು ಕಟ್ಟೆಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದನಂತೆ. ಆ ವರ್ಷ ಅವನ ಪಾಲಿನ ಸಜ್ಜೆ ಹೊಲ ಬೀಳು ಬಿತ್ತು. ಆಫ್ರಿಕದ ಮಾಲಿ ದೇಶದ ಡೋಗನ್ ಜನ ಈ ರೋಗವನ್ನು ‘ಬರಿದಾದ ಕಣಜದ ರೋಗ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು ಎಂದು ಓದಿ ಹೇಳಿದಾಗ ಅಜ್ಜ ತಲೆಯಾಡಿಸಿದ. ಡೋಗನ್ನರು ಯಾರು, ಎಲ್ಲಿಯವರು ಎಂದು ಕೇಳಲಿಲ್ಲ. ಅವರ ಕಷ್ಟ ಅವನಿಗೆ ಗೊತ್ತಾಗಿತ್ತು.

ಇನ್ನು ನನ್ನ ಪಾಲಿನ ಕಥೆ, ಅಂದರೆ ಎಂಜಿನಿಯರಿಂಗ್ ಕಥೆ. 1870ರಲ್ಲಿ ಫೆಡ್ಚೆಂಕೊ ಎಂಬ ರಷ್ಯದ ವಿಜ್ಞಾನಿ ಈ ಹುಳುವಿನ ಮರಿ ನೀರುಚಿಗಟದೊಳಗೆ ಬೆಳೆಯುವುದನ್ನು ಕಂಡುಹಿಡಿದ. ಅಂದರೆ ಸರಪಳಿಯನ್ನು ಎಲ್ಲಿ ಕತ್ತರಿಸಬೇಕೆಂದು ನೂರು ವರ್ಷ ಮೊದಲೇ ಗೊತ್ತಿತ್ತು. ಕತ್ತರಿಸುವ ಕೆಲಸ ಭಾರತದಲ್ಲಿ ಗಟ್ಟಿಯಾಗಿ ಶುರುವಾದದ್ದು 1983–84ರಲ್ಲಿ, ದೆಹಲಿಯ ರಾಷ್ಟ್ರೀಯ ಸಾಂಕ್ರಾಮಿಕ ರೋಗಗಳ ಸಂಸ್ಥೆಯ ಉಸ್ತುವಾರಿಯಲ್ಲಿ ನಾರುಹುಣ್ಣು ನಿರ್ಮೂಲನಾ ಕಾರ್ಯಕ್ರಮ ಬಂದಾಗ. ಆಗ ದೇಶದಲ್ಲಿ ವರ್ಷಕ್ಕೆ 40 ಸಾವಿರದಷ್ಟು ರೋಗಿಗಳು. ಕಾಯಿಲೆ ಇದ್ದ ಏಳು ರಾಜ್ಯಗಳಲ್ಲಿ ನಮ್ಮದೂ ಒಂದು. ಕೊಪ್ಪಳ ಆಗಿನ್ನೂ ರಾಯಚೂರು ಜಿಲ್ಲೆಯಲ್ಲಿತ್ತು.

ಮಾಡಿದ ಕೆಲಸಗಳನ್ನು ನೋಡಿದರೆ ಒಂದಕ್ಕೂ ಸ್ಟೆತಸ್ಕೋಪ್ ಬೇಕಿಲ್ಲ. ಮೆಟ್ಟಿಲು ಬಾವಿಗಳಿಗೆ ಇಳಿಯುವ ದಾರಿ ಮುಚ್ಚಿ, ಸುತ್ತ ಕಟ್ಟೆ ಕಟ್ಟಿ, ಮೇಲಿನಿಂದ ಹಗ್ಗ ಬಿಟ್ಟು ನೀರು ಸೇದುವಂತೆ ಮಾಡಿದರು. ಕೊಳವೆಬಾವಿ ಕೊರೆದು ಕೈಪಂಪು ಹಾಕಿದರು. ನೀರಿಗೆ ಟೆಮೆಫಾಸ್ ಎಂಬ ಔಷಧಿಯನ್ನು ಲೀಟರಿಗೆ ಒಂದು ಮಿಲಿಗ್ರಾಂ ಲೆಕ್ಕದಲ್ಲಿ ಬೆರೆಸಿ ಚಿಗಟ ಕೊಂದರು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಎಂದು ಮನೆಮನೆಗೆ ಹೇಳಿದರು. ಚಿಗಟ ಕಣ್ಣಿಗೆ ಕಾಣುವಷ್ಟು ದೊಡ್ಡದಾದ್ದರಿಂದ ಒತ್ತಾದ ಬಟ್ಟೆ ಸಾಕು. ಹೊಸ ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನವನ್ನೂ ಇಟ್ಟರು. ಕೊನೆಯ ರೋಗಿ ಸಿಕ್ಕಿದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಘೋಷಿಸಿತು.

ಗೋಡೆ, ಕಟ್ಟೆ, ಪಂಪು, ಬಟ್ಟೆ, ಮಾತು. ಇಷ್ಟರಿಂದ ಒಂದು ರೋಗ ದೇಶ ಬಿಟ್ಟು ಹೋಯಿತು. ಇದನ್ನು ನಮ್ಮ ನೀರು ಸರಬರಾಜು ವಿಷಯದ ತರಗತಿಯಲ್ಲಿ ಯಾರೂ ಹೇಳಲಿಲ್ಲ. ನಮಗೆ ತಲಾ ಎಷ್ಟು ಲೀಟರ್ ನೀರು ಬೇಕು, ಪೈಪಿನ ವ್ಯಾಸ ಎಷ್ಟಿರಬೇಕು ಎಂಬ ಲೆಕ್ಕಗಳಿವೆ. ಅಕ್ಕನ ಪುಸ್ತಕದಲ್ಲಿ ಹುಳುವಿನ ಉದ್ದ, ಅಗಲ, ಬಾಲದ ಡೊಂಕು ಇದೆ, ಬಾವಿಗೆ ಒಂದೇ ಒಂದು ಸಾಲು. ಅವಳ ಪಾಠದಲ್ಲಿ ಬಾವಿಯಿಲ್ಲ, ನನ್ನ ಪಾಠದಲ್ಲಿ ಹುಳುವಿಲ್ಲ. ಹೀಗೆ ಹಂಚಿಕೊಂಡವರು ಯಾರೋ ನನಗೆ ತಿಳಿಯದು.

ನಡುವೆ ಒಂದು ಮಾತು. ಮೆಟ್ಟಿಲು ಬಾವಿಗಳ ಮೇಲೆ ನನಗೆ ಬಹಳ ಪ್ರೀತಿ. ನಮ್ಮ ಪಕ್ಕದ ಇಟಗಿಯಲ್ಲಿ 1112ರ ಮಹಾದೇವ ದೇವಾಲಯದ ಪುಷ್ಕರಿಣಿ ಇದೆ, ಲಕ್ಕುಂಡಿಯಲ್ಲಿ ಮುಸುಕಿನ ಬಾವಿ, ಸೂಡಿಯಲ್ಲಿ ನಾಗಕುಂಡ. ಗೆಳೆಯರೊಂದಿಗೆ ಹೋಗಿ ರೀಲ್ಸ್ ಮಾಡಿದ್ದೇವೆ. ಆ ಕಟ್ಟಡ ನೋಡಿದರೆ ಸಿವಿಲ್ ಓದುವವರ ಎದೆ ಉಬ್ಬುತ್ತದೆ. ಆದರೆ ಕೆಳಗಿಳಿದು ನೀರು ಮುಟ್ಟುವ ಆ ಅನುಕೂಲವೇ ಊರೂರಿನ ಸಾಮಾನ್ಯ ಬಾವಿಗಳಲ್ಲಿ ಹುಳುವಿಗೆ ಮನುಷ್ಯನನ್ನು ಮುಟ್ಟುವ ದಾರಿಯಾಗಿತ್ತು. ಇನ್ನೊಂದು ಕಡೆ, ಬಾವಿ ಬಿಟ್ಟು ಕೊಳವೆಬಾವಿಗೆ ಬಂದ ನಮ್ಮ ಯಲಬುರ್ಗಾ, ಕುಷ್ಟಗಿ ಸೀಮೆಗೆ ಆಳದ ನೀರಿನ ಫ್ಲೋರೈಡ್ ಗಂಟುಬಿತ್ತು. ನಾರು ಹೋಯಿತು, ಹಲ್ಲು ಹಳದಿಯಾಯಿತು. ಈಗ ನಾಣ್ಯ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತುಂಬಿಸಿಕೊಂಡು ಬೈಕಿನಲ್ಲಿ ತರುತ್ತೇವೆ. ಅದು ಇನ್ನೊಂದು ಲೇಖನದ ಮಾತು.

ಹೋದ ಕಾಯಿಲೆಯನ್ನು ಇನ್ನೂ ಕಲಿಸಬೇಕೇ ಎಂಬ ಬಗ್ಗೆ ಅಕ್ಕನ ಗೆಳತಿಯರಲ್ಲೇ ಎರಡು ಪಕ್ಷಗಳಿವೆ. ಎರಡನೇ ವರ್ಷಕ್ಕೆ ಸಿಗುವುದು 12 ತಿಂಗಳು. ಅಷ್ಟರಲ್ಲಿ ಮೈಕ್ರೊಬಯಾಲಜಿ, ಪೆಥಾಲಜಿ, ಫಾರ್ಮಕಾಲಜಿ ಮೂರನ್ನೂ ನುಂಗಬೇಕು. ಕಾಣದ ಹುಳುವಿಗೆ ಕೊಡುವ ಒಂದು ಗಂಟೆಯನ್ನು ಡೆಂಗಿಗೆ ಕೊಡಿ ಎನ್ನುವವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಇದಕ್ಕೆ ಸಿಗುವ ಒಂದು ಉತ್ತರ ಆಫ್ರಿಕದಿಂದ ಬರುತ್ತದೆ. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗೆ ನಾರುಹುಣ್ಣು ಇತ್ತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದರ ಬೆನ್ನು ಬಿದ್ದರು. ತನಗಿಂತ ಮೊದಲು ಕೊನೆಯ ಹುಳು ಸಾಯಬೇಕು ಎಂಬುದು ಅವರ ಆಸೆಯಾಗಿತ್ತು. 2022ರಲ್ಲಿ 13 ರೋಗಿಗಳು, 2023ರಲ್ಲಿ 14, 2024ರಲ್ಲಿ 15. ಆ ವರ್ಷದ ಡಿಸೆಂಬರ್ 29ರಂದು ನೂರು ವರ್ಷದ ಕಾರ್ಟರ್ ತೀರಿಕೊಂಡರು, ಹುಳು ಉಳಿಯಿತು. ಚಾಡ್ ದೇಶದಲ್ಲಿ ಅದು ನಾಯಿಗಳ ಮೈಯಲ್ಲಿ ಹೊಸ ಮನೆ ಕಂಡುಕೊಂಡಿದೆ. 35 ಲಕ್ಷದಿಂದ 15ಕ್ಕೆ ಇಳಿಸಿದ್ದಕ್ಕಿಂತ 15ರಿಂದ ಸೊನ್ನೆಗೆ ಇಳಿಸುವುದೇ ಕಷ್ಟವಾಗಿದೆ.

ಆದರೆ ಚಾಡ್‌ನ ನಾಯಿ ನಮ್ಮ ಎಂಬಿಬಿಎಸ್ ಹುಡುಗರಿಗೆ ದೂರದ ಮಾತು. ನನಗೆ ಹತ್ತಿರದ ಉತ್ತರ ಕಾಣುವುದು ಒಂದು ತಾರೀಖಿನಲ್ಲಿ. ರಾಜ್ಯದ ವೈದ್ಯಕೀಯ ಕಾಲೇಜುಗಳಿಗೆ ಪರೀಕ್ಷೆ ನಡೆಸುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ್ದು 1996ರ ಜೂನ್‌ನಲ್ಲಿ. ದೇಶದ ಕೊನೆಯ ನಾರುಹುಣ್ಣಿನ ರೋಗಿ ಸಿಕ್ಕಿದ್ದು ಅದೇ ವರ್ಷದ ಜುಲೈನಲ್ಲಿ. ಅಂದರೆ ಈ ವಿಶ್ವವಿದ್ಯಾಲಯಕ್ಕೆ ಮೊದಲ ವರ್ಷದಿಂದಲೇ ಸೇರಿ ಓದಿದವರಲ್ಲಿ ಯಾರೂ ಕಲಿಯುವಾಗ ನಮ್ಮ ನಾಡಿನಲ್ಲಿ ಜೀವಂತ ನಾರು ಕಂಡಿರಲಾರರು. 2015ರಲ್ಲಿ ಶುರುವಾದ ನಮ್ಮ ಕೊಪ್ಪಳದ ವೈದ್ಯಕೀಯ ಕಾಲೇಜಿನವರಂತೂ ಸರಿಯೇ. ರೋಗ ಕಂಡ ಹಳೆಯ ಡಾಕ್ಟರರು ನಿವೃತ್ತರಾಗುತ್ತಿದ್ದಾರೆ. ರೋಗ ಉಂಡ ಜನ ಮಾತ್ರ ಇನ್ನೂ ನಮ್ಮ ಕಟ್ಟೆಗಳ ಮೇಲೆ ಕೂತಿದ್ದಾರೆ, ಅವರ ಕಾಲುಗಳಲ್ಲಿ ಸುಣ್ಣದ ದಾರಗಳಿವೆ. ಇನ್ನು 15–20 ವರ್ಷ ಅವರಿಗೆ ಆಸ್ಪತ್ರೆ ಬೇಕು, ಅಲ್ಲಿ ಕೂತಿರುವವರು ಅಕ್ಕನ ವಯಸ್ಸಿನವರು.

ಅಕ್ಕನ ಮೇಡಂ ಇದನ್ನು ನನಗಿಂತ ಮೊದಲೇ ಅರ್ಥ ಮಾಡಿಕೊಂಡಿದ್ದರು. ಅಜ್ಜನ ಒಪ್ಪಿಗೆ ಕೇಳಿ, ಹೆಸರು ಅಳಿಸಿ, ಆ ಎಕ್ಸ್‌ರೇಯನ್ನು ಮುಂದಿನ ಬ್ಯಾಚಿನ ಪಾಠಕ್ಕೆ ಇಟ್ಟರು. ಬಾಟಲಿಯನ್ನು ಮೊದಲು ತೋರಿಸಲಿಲ್ಲವಂತೆ. ಎಕ್ಸ್‌ರೇ ಹಾಕಿ, ‘ಈ ರೋಗಿಗೆ ನೀವು ಕೇಳಬೇಕಾದ ಒಂದೇ ಪ್ರಶ್ನೆ ಯಾವುದು?’ ಎಂದರಂತೆ. ಸಕ್ಕರೆ ಕಾಯಿಲೆ ಇದೆಯಾ, ಬೀಡಿ ಸೇದುತ್ತೀರಾ, ಬಿದ್ದಿದ್ದಿರಾ ಎಂದು 20 ಉತ್ತರ ಬಂದವಂತೆ. ‘ಯಾವ ಬಾವಿಯ ನೀರು ಕುಡಿಯುತ್ತಿದ್ದಿರಿ?’ ಎಂದು ಒಬ್ಬರೂ ಹೇಳಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಬ್ಬ, ‘ಮೇಡಂ, ಇದು ಪರೀಕ್ಷೆಗೆ ಬರುತ್ತಾ?’ ಎಂದು ಕೇಳಿದನಂತೆ. ಅಂಥವನೊಬ್ಬ ಎಂಜಿನಿಯರಿಂಗ್‌ನಲ್ಲೂ ಇರುತ್ತಾನೆ, ಚಿಂತೆಯಿಲ್ಲ.

ಪ್ರಶ್ನೆ ಗೊತ್ತಿದ್ದರೂ ಸಾಲದು, ಅದನ್ನು ಕೇಳುವ ಭಾಷೆ ಬೇಕು. ‘ಗಿನಿ ವರ್ಮ್ ಆಗಿತ್ತಾ?’ ಎಂದರೆ ಅಜ್ಜ ‘ಇಲ್ಲ’ ಎನ್ನುತ್ತಿದ್ದ. ‘ನಾರು’ ಎಂದದ್ದಕ್ಕೇ ತಿರುಗಿ ನೋಡಿದ್ದು. ಮೇಡಂ ಈಗ ಹುಡುಗರಿಂದ ಒಂದು ಪಟ್ಟಿ ಮಾಡಿಸುತ್ತಿದ್ದಾರೆ. 2022ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಅವರ ಆರೋಗ್ಯ ನೋಡುವ ಕ್ರಮ ಬಂದಿದೆಯಲ್ಲ, ಅಲ್ಲಿಗೆ ಹೋದಾಗ ಪುಸ್ತಕದ ಹೆಸರಿನ ಎದುರು ಆ ಮನೆಯವರು ಆಡುವ ಹೆಸರು ಬರೆದುಕೊಂಡು ಬರಬೇಕು. ಕೇರಳದಿಂದ, ರಾಜಸ್ಥಾನದಿಂದ ಬಂದ ಹುಡುಗರೂ ನೋಟ್‌ಬುಕ್ಕಿನಲ್ಲಿ ‘ಆನೆಕಾಲು’, ‘ಲಾಡಿಹುಳ’, ‘ಕಜ್ಜಿ’, ‘ಜಂತ’ ಎಂದು ಬರೆದುಕೊಳ್ಳುತ್ತಿದ್ದಾರೆ. ರಾಜಸ್ಥಾನದ ಹುಡುಗನೊಬ್ಬ ‘ನಾರು’ ಎಂದ ಕೂಡಲೇ ಕಣ್ಣರಳಿಸಿ, ತಮ್ಮ ಕಡೆಯೂ ಅಜ್ಜಿ ಇದನ್ನು ‘ನಾರೂ’ ಎಂದೇ ಕರೆಯುತ್ತಿದ್ದಳು ಎಂದನಂತೆ. ಅಷ್ಟು ದೂರದ ಎರಡು ಬರಗಾಲದ ಸೀಮೆಗಳಿಗೆ ಒಂದೇ ಹುಳು, ಒಂದೇ ಹೆಸರು.

ಹಳಬರ ಕಥೆ ಹೇಳಿ ಪಾಠ ಮಾಡುವುದು ಈ ಶಾಸ್ತ್ರದಲ್ಲಿ ಹೊಸದೇನಲ್ಲ. ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿ ಕಂಡದ್ದು ಎಲ್ಲ ಪುಸ್ತಕದಲ್ಲೂ ಇದೆ. ಅದಕ್ಕೂ ಮೊದಲು, 1883ರಲ್ಲಿ ಬೆಂಗಳೂರಿನಲ್ಲಿದ್ದಾಗ ಕಿಟಕಿಯ ಹೊರಗಿನ ತೊಟ್ಟಿಯ ನೀರು ಚೆಲ್ಲಿಸಿ ಸೊಳ್ಳೆಗಳ ಕಾಟ ತಗ್ಗಿಸಿದ್ದನ್ನೂ ಅವರೇ ಬರೆದಿದ್ದಾರೆ. ಸೊಳ್ಳೆಗೊಂದು ಆಣೆಯಂತೆ ಪಡೆದು ಕಚ್ಚಿಸಿಕೊಂಡ ರೋಗಿ ಹುಸೇನ್ ಖಾನ್ ಮಾತ್ರ ಮಾರ್ಕ್ಸಿಗೆ ಬರುವುದಿಲ್ಲ. ಬಂದರೆ ಚೆನ್ನಾಗಿತ್ತು.

ಈಗ ನನಗೂ ಒಂದು ಕೆಲಸ ಬಿದ್ದಿದೆ. ಕಾಲೇಜಿನ ಮ್ಯೂಸಿಯಂನಲ್ಲಿ ಹುಳುವಿನ ಬಾಟಲಿಯ ಪಕ್ಕ ಇಡಲು ಎರಡು ಬಾವಿಗಳ ಮಾದರಿ ಮಾಡಿಕೊಡು ಎಂದು ಮೇಡಂ ಅಕ್ಕನ ಮೂಲಕ ಹೇಳಿ ಕಳಿಸಿದ್ದಾರೆ. ಒಂದು ಮೆಟ್ಟಿಲಿನದು, ಇನ್ನೊಂದು ಅದೇ ಬಾವಿಗೆ ಕಟ್ಟೆ ಕಟ್ಟಿ ರಾಟೆ ಹಾಕಿದ್ದು. ಥರ್ಮಾಕೋಲ್ ಬೇಡ, ನಾಲ್ಕು ಬ್ಯಾಚಿಗೆ ಪುಡಿಯಾಗುತ್ತದೆ ಎಂದು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದೆ. ಅಳತೆ ಒಂದಕ್ಕೆ ಇಪ್ಪತ್ತು. ದಸರಾ ರಜೆಯಲ್ಲಿ ಊರಿಗೆ ತಂದು ಅಜ್ಜನ ಮುಂದಿಟ್ಟೆ. ಅವನು ಕನ್ನಡಕ ಏರಿಸಿ, ಸುತ್ತ ತಿರುಗಿಸಿ ನೋಡಿ ಮೂರು ತಿದ್ದುಪಡಿ ಹೇಳಿದ. ಪಾವಟಿಗೆಗಳು ಇಷ್ಟು ನೇರ ಇರಬಾರದು, ನಡು ಸವೆದಿರಬೇಕು. ಕಟ್ಟೆ ಇಷ್ಟು ಎತ್ತರ ಬೇಡ, ಹೆಣ್ಣುಮಕ್ಕಳು ಕೊಡ ಇಟ್ಟು ತಲೆಗೆ ಏರಿಸಿಕೊಳ್ಳುವಷ್ಟಿರಲಿ. ಮತ್ತೆ ನೀರು ಎಲ್ಲಿಯವರೆಗೆ ಬರಬೇಕೆಂದು ನಾನು ಬಣ್ಣದಲ್ಲಿ ಗೆರೆ ಎಳೆದಿದ್ದೆನಲ್ಲ, ಅದನ್ನು ಬೆರಳಿನಿಂದ ಎರಡು ಮೆಟ್ಟಿಲು ಕೆಳಗೆ ಸರಿಸಿದ.

‘ಬ್ಯಾಸಿಗ್ಯಾಗ ಇಲ್ಲಿ ಮಟಾ ಇಳೀತಿತ್ತು’ ಎಂದ. ‘ನಾ ಕುಂದರ್ತಿದ್ದ ಪಾವಟಿಗಿ ಇದು.’